ಹೆಲ್ಮೆಟ್‌ನೊಳಗಿನ ಮಬ್ಬು, ಕಿವಿಗೆ ಬಡಿಯುವ ಗಾಳಿ: ಕಾರಣಗಳು ಮತ್ತು ಪರಿಹಾರ

ಮುಂಗಾರು ಆರಂಭವಾದೊಡನೆ ಮಲೆನಾಡಿನ ಘಾಟಿ ರಸ್ತೆಗಳಲ್ಲಿ ಸಂಚರಿಸುವ ದ್ವಿಚಕ್ರ ವಾಹನ ಸವಾರರು ಎರಡು ಬಗೆಯ ಮಂಜನ್ನು ಎದುರಿಸಬೇಕಾಗುತ್ತದೆ. ಒಂದು ರಸ್ತೆಯ ಮೇಲೆ ಕವಿಯುವ ಮಂಜು. ಇನ್ನೊಂದು ಹೆಲ್ಮೆಟ್‌ನ ಒಳಗೆ ಸವಾರನ ಉಸಿರಿನಿಂದಲೇ ಹುಟ್ಟುವ ಮಬ್ಬು. ಉಜಿರೆಯ ಕಡೆಯಿಂದ ಚಾರ್ಮಾಡಿ ಘಾಟಿಯನ್ನು ಏರಿ ಕೊಟ್ಟಿಗೆಹಾರ ತಲುಪುವವರಿಗೆ, ಸಂಪಾಜೆಯ ಮೂಲಕ ಮಡಿಕೇರಿಗೆ ಹೋಗುವವರಿಗೆ, ಆಗುಂಬೆಯ ತಿರುವುಗಳಲ್ಲಿ ಸಾಗುವವರಿಗೆ ಈ ಎರಡನೆಯ ಮಂಜಿನ ಅನುಭವ ಹೊಸದೇನಲ್ಲ. ಮೊದಲನೆಯದು ಪ್ರಕೃತಿಗೆ ಸೇರಿದ್ದು, ಅದಕ್ಕೆ ವೇಗ ತಗ್ಗಿಸುವುದೊಂದೇ ಉಪಾಯ. ಎರಡನೆಯದನ್ನು ಮಾತ್ರ ಬಹುಮಟ್ಟಿಗೆ ತಡೆಯಲು ಸಾಧ್ಯವಿದೆ.

ಘಾಟಿ ಮುಗಿದು ಹೆದ್ದಾರಿ ಸಿಕ್ಕಾಗ ಇನ್ನೊಂದು ತೊಂದರೆ ಎದುರಾಗುತ್ತದೆ. ಅದು ಗಾಳಿಯ ಮೊರೆತ. ಮೂರು ನಾಲ್ಕು ಗಂಟೆ ಸತತವಾಗಿ ಸವಾರಿ ಮಾಡಿ ಊರು ಸೇರಿದ ಮೇಲೂ ಕಿವಿಯಲ್ಲಿ ಗುಂಯ್ ಎಂಬ ಸದ್ದು ನಿಲ್ಲದಿರುವುದನ್ನು ಅನೇಕರು ಬಲ್ಲರು. ಮಬ್ಬಿನಿಂದ ಕಣ್ಣಿಗೆ ತಕ್ಷಣದ ಅಪಾಯವಾದರೆ, ಸದ್ದಿನಿಂದ ಕಿವಿಗೆ ನಿಧಾನವಾದ, ಆದರೆ ಮರಳಿ ಸರಿಪಡಿಸಲಾಗದ ಹಾನಿ ಉಂಟಾಗುತ್ತದೆ.

ಈ ಎರಡು ಸಮಸ್ಯೆಗಳನ್ನು ಬೇರೆ ಬೇರೆಯಾಗಿ ನೋಡುವುದೇ ವಾಡಿಕೆ. ವಾಸ್ತವದಲ್ಲಿ ಎರಡಕ್ಕೂ ಕಾರಣ ಒಂದೇ, ಅದು ಹೆಲ್ಮೆಟ್‌ನ ಒಳಹೊರಗೆ ಹರಿಯುವ ಗಾಳಿ. ಮಬ್ಬು ಹೋಗಬೇಕಾದರೆ ಗಾಳಿ ಒಳಗೆ ಬರಬೇಕು. ಸದ್ದು ಅಡಗಬೇಕಾದರೆ ಗಾಳಿಯ ದಾರಿಗಳು ಮುಚ್ಚಬೇಕು. ಒಂದಕ್ಕೆ ಮಾಡಿದ ಮದ್ದು ಇನ್ನೊಂದನ್ನು ಕೆರಳಿಸುವುದು ಈ ಕಾರಣದಿಂದಲೇ.

ಮಬ್ಬು ಕವಿಯುವುದು ಏಕೆ?

ಮನುಷ್ಯ ಹೊರಬಿಡುವ ಉಸಿರಿನ ಉಷ್ಣತೆ ಸುಮಾರು 34 ಡಿಗ್ರಿ ಸೆಲ್ಸಿಯಸ್. ಅದು ನೀರಾವಿಯಿಂದ ತುಂಬಿರುತ್ತದೆ. ಆ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 37 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 20 ಡಿಗ್ರಿಗೆ ತಣಿದರೆ ಹಿಡಿಯಬಲ್ಲದ್ದು ಸುಮಾರು 17 ಗ್ರಾಂ ಮಾತ್ರ, 10 ಡಿಗ್ರಿಗೆ ಇಳಿದರೆ 9 ಗ್ರಾಂನಷ್ಟು. ಮಳೆ ಮತ್ತು ಎದುರುಗಾಳಿಯಿಂದ ತಣ್ಣಗಾದ ವೈಸರ್‌ಗೆ, ಅಂದರೆ ಹೆಲ್ಮೆಟ್‌ನ ಪಾರದರ್ಶಕ ಗಾಜಿಗೆ, ಬೆಚ್ಚನೆಯ ಉಸಿರು ತಾಗಿದಾಗ ಹೆಚ್ಚುವರಿ ಆವಿ ನೀರಾಗಿ ಅಲ್ಲಿಯೇ ಕೂರುತ್ತದೆ. ಗಾಳಿಯಲ್ಲಿನ ಆವಿ ನೀರಾಗತೊಡಗುವ ಈ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. ಹುಲ್ಲಿನ ಮೇಲೆ ಇಬ್ಬನಿ ಬೀಳುವುದೂ ಇದೇ ನಿಯಮಕ್ಕೆ ಅನುಸಾರವಾಗಿ.

ಹೀಗೆ ಕುಳಿತ ನೀರು ಸಮನಾದ ಪದರವಾಗಿ ಹರಡುವುದಿಲ್ಲ. ಮೇಲ್ಮೈ ಎಳೆತದ ಕಾರಣ ಅಸಂಖ್ಯಾತ ಸೂಕ್ಷ್ಮ ಹನಿಗಳಾಗಿ ನಿಲ್ಲುತ್ತದೆ. ಪ್ರತಿಯೊಂದು ಹನಿಯೂ ಪುಟ್ಟ ಮಸೂರದಂತೆ ಬೆಳಕನ್ನು ಚದುರಿಸುತ್ತದೆ. ಹಗಲಿನಲ್ಲಿ ಇದು ಮಸುಕು ಪರದೆಯಂತೆ ಕಂಡರೆ, ರಾತ್ರಿ ಎದುರಿನ ವಾಹನದ ಹೈಬೀಮ್ ದೀಪ ಬಿದ್ದಾಗ ಇಡೀ ವೈಸರ್ ಬಿಳಿಗೋಡೆಯಾಗಿ ಬಿಡುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮಬ್ಬನ್ನು ಕೈಯಿಂದ ಒರೆಸಲು ಎರಡು ಸೆಕೆಂಡು ತಗುಲಿದರೂ ಸವಾರ 33 ಮೀಟರ್ ದೂರವನ್ನು ಕಾಣದೆಯೇ ಕ್ರಮಿಸಿರುತ್ತಾನೆ.

ಸಿಗ್ನಲ್‌ನಲ್ಲಿ ವಾಹನ ನಿಂತಾಗ ಮಬ್ಬು ಬೇಗ ಕವಿಯುವುದಕ್ಕೆ ಕಾರಣವೂ ಸ್ಪಷ್ಟ. ಹೆಲ್ಮೆಟ್‌ನ ಗಾಳಿಕಿಂಡಿಗಳು ಕೆಲಸ ಮಾಡುವುದು ವಾಹನ ಚಲಿಸುತ್ತಿರುವಾಗ ಮಾತ್ರ. ನಿಂತಾಗ ಉಸಿರು ಒಳಗೇ ಸುತ್ತುತ್ತದೆ. ಘಾಟಿಯಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಏರುವಾಗಲೂ ಇದೇ ಸ್ಥಿತಿ. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವ ಕಾರಣ ಒಳಬಂದ ಗಾಳಿಗೂ ಮಬ್ಬನ್ನು ಒಣಗಿಸುವ ಶಕ್ತಿ ಕಡಿಮೆ. ಚಳಿಗಾಲದ ಒಣ ಮುಂಜಾನೆಯಲ್ಲಿ ಸ್ವಲ್ಪ ಗಾಳಿ ಬಿಟ್ಟೊಡನೆ ಮಬ್ಬು ಕರಗುವುದೂ, ಆಷಾಢದ ಮಳೆಯಲ್ಲಿ ಎಷ್ಟು ಗಾಳಿ ಬಿಟ್ಟರೂ ಪೂರ್ಣವಾಗಿ ಕರಗದಿರುವುದೂ ಇದರಿಂದ ಅರ್ಥವಾಗುತ್ತದೆ.

ಮೊದಲ ಹೆಜ್ಜೆ: ಶುಚಿತ್ವ ಮತ್ತು ಉಸಿರಿನ ದಾರಿ

ಧೂಳು, ಬೆವರಿನ ಜಿಡ್ಡು, ಬೆರಳಿನ ಗುರುತು ಇರುವ ಕಡೆ ಆವಿ ಸುಲಭವಾಗಿ ಹನಿಗಟ್ಟುತ್ತದೆ. ಆದ್ದರಿಂದ ವೈಸರ್‌ನ ಒಳಮೈ ಶುಚಿಯಾಗಿರುವುದು ಎಲ್ಲಕ್ಕಿಂತ ಮುಖ್ಯ. ವೈಸರ್ ಅನ್ನು ಸಾಮಾನ್ಯವಾಗಿ ಗಾಜು ಎಂದು ಕರೆದರೂ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಬೇಬಿ ಶಾಂಪೂ ಹಾಕಿ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ತೇವ ಹೀರಿಸಬೇಕು. ಒಣಬಟ್ಟೆಯಿಂದ ತಿಕ್ಕಿದರೆ ಧೂಳಿನ ಕಣಗಳೇ ಗೀರು ಹಾಕುತ್ತವೆ. ಪೆಟ್ರೋಲ್, ಥಿನ್ನರ್ ಹಾಗೂ ಅಮೋನಿಯಾ ಇರುವ ಗಾಜು ಶುದ್ಧಿ ದ್ರಾವಣಗಳು ಪಾಲಿಕಾರ್ಬೊನೇಟ್‌ಗೆ ವೈರಿಗಳು. ಅವು ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳನ್ನು ಉಂಟುಮಾಡಿ ವೈಸರ್ ಅನ್ನು ದುರ್ಬಲಗೊಳಿಸುತ್ತವೆ.

ಎರಡನೆಯದು ಉಸಿರಿನ ದಿಕ್ಕು. ಪೂರ್ಣಮುಖದ ಅನೇಕ ಹೆಲ್ಮೆಟ್‌ಗಳಲ್ಲಿ ಮೂಗಿನ ಮೇಲೆ ಕೂರುವ ಬ್ರೆತ್ ಗಾರ್ಡ್ ಎಂಬ ರಬ್ಬರ್ ತಡೆ ಇರುತ್ತದೆ. ಉಸಿರು ವೈಸರ್‌ನತ್ತ ಏರದಂತೆ ತಡೆದು ಕೆಳಕ್ಕೆ ತಿರುಗಿಸುವುದು ಅದರ ಕೆಲಸ. ಮೂಗಿಗೆ ತಾಗಿ ಕಿರಿಕಿರಿಯಾಗುತ್ತದೆಂದು ಇದನ್ನು ಕಿತ್ತು ಹಾಕುವವರಿದ್ದಾರೆ. ಮಳೆಗಾಲದಲ್ಲಿಯಾದರೂ ಅದನ್ನು ಮರಳಿ ಅಳವಡಿಸುವುದು ಒಳ್ಳೆಯದು. ಬಾಯಿಯಿಂದ ಬಿಟ್ಟ ಉಸಿರು ನೇರ ಮುಂದಕ್ಕೆ ಹೋಗಿ ವೈಸರ್‌ಗೆ ಬಡಿಯುತ್ತದೆ, ಮೂಗಿನಿಂದ ಬಿಟ್ಟದ್ದು ಕೆಳಕ್ಕೆ ಇಳಿಯುತ್ತದೆ. ಮೂಗಿನ ಮೂಲಕ ಉಸಿರಾಡುವುದು ಖರ್ಚಿಲ್ಲದ ಉಪಾಯ.

ಧೂಳು ಮತ್ತು ಚಳಿಗೆ ಅಂಜಿ ಮುಖಕ್ಕೆ ಕರವಸ್ತ್ರ ಕಟ್ಟಿಕೊಳ್ಳುವುದು ನಮ್ಮಲ್ಲಿ ರೂಢಿ. ಮೂಗಿನ ಮೇಲೆ ಸಡಿಲವಾಗಿ ಕಟ್ಟಿದ ಬಟ್ಟೆ ಉಸಿರನ್ನೆಲ್ಲ ಮೇಲಕ್ಕೆ, ಕಣ್ಣಿನತ್ತ ತಳ್ಳುತ್ತದೆ. 2020ರ ಕೊರೊನಾ ದಿನಗಳಲ್ಲಿ ಮಾಸ್ಕ್ ಧರಿಸಿದ ಕನ್ನಡಕಧಾರಿಗಳೆಲ್ಲರೂ ಈ ಪಾಠವನ್ನು ಕಲಿತಿದ್ದಾರೆ. ಕರವಸ್ತ್ರ ಬೇಕೇ ಬೇಕೆಂದರೆ ಮೂಗಿನ ಕೆಳಗೆ ನಿಲ್ಲುವಂತೆ ಕಟ್ಟುವುದು ಲೇಸು.

ಲೇಪನಗಳು: ಸಾಬೂನಿನಿಂದ ಸ್ಪ್ರೇವರೆಗೆ

ಮಬ್ಬುನಿರೋಧಕ ಲೇಪನಗಳ ತತ್ವ ಸರಳವಾಗಿದೆ. ಅವು ಆವಿ ನೀರಾಗುವುದನ್ನು ತಡೆಯುವುದಿಲ್ಲ. ನೀರು ಹನಿಗಟ್ಟದೆ ತೆಳು ಪೊರೆಯಾಗಿ ಹರಡುವಂತೆ ಮಾಡುತ್ತವೆ. ಪೊರೆಯ ಮೂಲಕ ಬೆಳಕು ಚದುರದೆ ಸಾಗುವುದರಿಂದ ನೋಟ ಸ್ಪಷ್ಟವಾಗಿರುತ್ತದೆ. ಪಾತ್ರೆ ತೊಳೆಯುವ ಸಾಬೂನಿನ ದ್ರವ, ಶೇವಿಂಗ್ ಫೋಮ್, ಹೋಳು ಮಾಡಿದ ಆಲೂಗಡ್ಡೆ ಮುಂತಾದ ಮನೆಮದ್ದುಗಳು ಕೆಲಸ ಮಾಡುವುದೂ ಇದೇ ತತ್ವದಿಂದ.

ಆದರೆ ಮನೆಮದ್ದುಗಳಿಗೆ ಮಿತಿಯಿದೆ. ಅವುಗಳ ಪರಿಣಾಮ ಹೆಚ್ಚು ಹೊತ್ತು ಬಾಳುವುದಿಲ್ಲ. ಲೇಪ ದಪ್ಪವಾದರೆ ರಾತ್ರಿ ದೀಪಗಳ ಸುತ್ತ ಬಣ್ಣದ ಬಳೆಗಳು ಕಾಣಿಸುತ್ತವೆ. ಮಳೆಹನಿ ಒಳಬಂದರೆ ಸಾಬೂನು ಕರಗಿ ಕಣ್ಣಿಗೆ ಇಳಿದು ಉರಿಸುವ ಅಪಾಯವಿದೆ. ಟೂತ್‌ಪೇಸ್ಟ್ ಹಚ್ಚುವ ಸಲಹೆಯೂ ಚಾಲ್ತಿಯಲ್ಲಿದೆ. ಅದರಲ್ಲಿ ಉಜ್ಜುವ ಕಣಗಳಿರುವುದರಿಂದ ವೈಸರ್ ಶಾಶ್ವತವಾಗಿ ಮಂಕಾಗುತ್ತದೆ. ಅದನ್ನು ಬಳಸಲೇಬಾರದು.

ಹೆಲ್ಮೆಟ್‌ಗಳಿಗೆಂದೇ ತಯಾರಾದ ಸ್ಪ್ರೇಗಳು ಇದಕ್ಕಿಂತ ಮೇಲು. ಆದರೂ ಪ್ರತಿ ಮಳೆಯ ನಂತರ ಮತ್ತೆ ಹಚ್ಚಬೇಕಾಗಬಹುದು. ಕೆಲವು ವೈಸರ್‌ಗಳಿಗೆ ಕಾರ್ಖಾನೆಯಲ್ಲಿಯೇ ಒಳಮೈಗೆ ಲೇಪನ ಕೊಟ್ಟಿರುತ್ತಾರೆ. ಈ ಲೇಪನ ಮೃದುವಾದದ್ದು, ಒರಟಾಗಿ ಒರೆಸಿದರೆ ಸವೆದು ಹೋಗುತ್ತದೆ. ಅಂಥ ವೈಸರ್ ಮೇಲೆ ಬೇರೆ ಸ್ಪ್ರೇ ಹಾಕುವ ಮುನ್ನ ತಯಾರಕರ ಸೂಚನೆಯನ್ನು ಓದುವುದು ಅಗತ್ಯ. ಕನ್ನಡಕ ಧರಿಸುವವರು ವೈಸರ್ ಒಂದನ್ನೇ ನೋಡಿಕೊಂಡರೆ ಸಾಲದು. ಕನ್ನಡಕದ ಮಸೂರಕ್ಕೂ ಅದೇ ಎಚ್ಚರಿಕೆ ಬೇಕು.

ಎರಡು ಪದರದ ವೈಸರ್

ಮಳೆನಾಡಿನ ಪರಿಸ್ಥಿತಿಗೆ ಈವರೆಗೆ ಹೆಚ್ಚು ಪರಿಣಾಮಕಾರಿಯಾಗಿ ಕಂಡಿರುವುದು ವೈಸರ್‌ನ ಒಳಮೈಗೆ ಕೂರಿಸುವ ಎರಡನೆಯ ಮಸೂರ. ನೆದರ್ಲೆಂಡ್ಸ್ ಮೂಲದ ಪಿನ್‌ಲಾಕ್ ಸಂಸ್ಥೆಯ ಹೆಸರೇ ಈ ವಸ್ತುವಿಗೆ ಅಂಟಿಕೊಂಡಿದೆ. ಇದರ ಅಂಚಿನಲ್ಲಿ ಸುತ್ತಲೂ ಸಿಲಿಕೋನ್ ಏಣು ಇರುತ್ತದೆ. ವೈಸರ್‌ನ ಎರಡು ಬದಿಯ ಪಿನ್ನುಗಳ ನಡುವೆ ಕೂರಿಸಿದಾಗ ಈ ಏಣು ವೈಸರ್‌ಗೆ ಒತ್ತಿಕೊಂಡು, ಎರಡು ಪದರಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಥರ್ಮಾಸ್ ಫ್ಲಾಸ್ಕಿನ ಎರಡು ಗೋಡೆಗಳ ನಡುವಿನ ತೆರವಿನಂತೆ ಈ ಗಾಳಿಪದರವೂ ಶಾಖದ ಹರಿವನ್ನು ತಗ್ಗಿಸುತ್ತದೆ. ಹೊರಗಿನ ವೈಸರ್ ತಣ್ಣಗಿದ್ದರೂ ಒಳಮಸೂರ ಬೆಚ್ಚಗೆ ಉಳಿಯುತ್ತದೆ. ಜತೆಗೆ ಅದು ತೇವವನ್ನು ಹೀರುವ ಗುಣದ ಪ್ಲಾಸ್ಟಿಕ್. ಇದರಲ್ಲಿ 30, 70, 120 ಎಂಬ ದರ್ಜೆಗಳಿದ್ದು, ಸಂಖ್ಯೆ ಹೆಚ್ಚಿದಷ್ಟೂ ಮಬ್ಬನ್ನು ತಡೆಯುವ ಶಕ್ತಿ ಹೆಚ್ಚು.

ಅಳವಡಿಸುವಾಗ ಕೆಲವು ಸಂಗತಿಗಳನ್ನು ಗಮನಿಸಬೇಕು. ಸಿಲಿಕೋನ್ ಏಣು ವೈಸರ್‌ಗೆ ಸುತ್ತಲೂ ತಾಗಿರಬೇಕು. ಎರಡು ಪದರಗಳ ನಡುವೆಯೇ ಮಬ್ಬು ಕಾಣಿಸಿಕೊಂಡರೆ ಎಲ್ಲಿಯೋ ಸಂದು ಉಳಿದಿದೆ ಎಂದರ್ಥ. ಪಿನ್ನುಗಳನ್ನು ಸ್ವಲ್ಪ ತಿರುಗಿಸಿ ಬಿಗಿ ಹೆಚ್ಚಿಸಬಹುದು. ಒಳಮಸೂರವನ್ನು ಮೆದುವಾದ ತೇವದ ಬಟ್ಟೆಯಿಂದ ಮಾತ್ರ ಒರೆಸಬೇಕು, ಸ್ಪ್ರೇಗಳನ್ನು ಬಳಸಬಾರದು. ದಿನವಿಡೀ ಮಳೆಯಲ್ಲಿ ಸವಾರಿ ಮಾಡಿದ ಮೇಲೆ ಗಾಳಿಯಾಡುವಲ್ಲಿ ಒಣಗಲು ಬಿಡಬೇಕು, ತೇವ ತುಂಬಿದ ಮಸೂರ ಮರುದಿನ ಕೈಕೊಡುತ್ತದೆ. ರಾತ್ರಿ ಕೆಲವರಿಗೆ ದೀಪಗಳು ಎರಡೆರಡಾಗಿ ಕಾಣಬಹುದು ಎಂಬುದು ಇದರ ಒಂದು ಕೊರತೆ. ಪಿನ್ ಇರುವ ವೈಸರ್‌ಗೆ ಮಾತ್ರ ಇದು ಹೊಂದುತ್ತದೆ, ಹೆಲ್ಮೆಟ್ ಕೊಳ್ಳುವಾಗಲೇ ಇದನ್ನು ವಿಚಾರಿಸುವುದು ಜಾಣತನ.

ಗಾಳಿಯ ಸದ್ದು ಹುಟ್ಟುವುದು ಎಲ್ಲಿ?

ಗಂಟೆಗೆ ಸುಮಾರು 60 ಕಿ.ಮೀ. ಮೀರಿದ ಮೇಲೆ ಸವಾರನ ಕಿವಿಗೆ ಎಂಜಿನ್ನಿಗಿಂತ ಗಾಳಿಯ ಸದ್ದೇ ಹೆಚ್ಚು ಕೇಳಿಸತೊಡಗುತ್ತದೆ. ಅನಂತರ ಅದು ಏರುವ ಬಗೆ ಗಾಬರಿ ಹುಟ್ಟಿಸುವಂಥದು. ಅಡೆತಡೆಗೆ ಬಡಿದ ಗಾಳಿಯಿಂದ ಹುಟ್ಟುವ ಸದ್ದಿನ ಶಕ್ತಿ ವೇಗದ ಐದು ಅಥವಾ ಆರನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಸದ್ದು 15ರಿಂದ 18 ಡೆಸಿಬೆಲ್‌ಗಳಷ್ಟು ಏರುತ್ತದೆ. 60ರಿಂದ 90 ಕಿ.ಮೀ.ಗೆ ಹೋದರೆ ಏರಿಕೆ ಸುಮಾರು 10 ಡೆಸಿಬೆಲ್. ಕಿವಿಗೆ ಇದು ಸದ್ದು ಎರಡರಷ್ಟಾದಂತೆ ಅನಿಸುತ್ತದೆ.

ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್‌ನ ಒಳಗಿನ ಸದ್ದು 95 ಡೆಸಿಬೆಲ್ ದಾಟುವುದು ಸಾಮಾನ್ಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ನೀಡಿರುವ ಮಿತಿಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಸಹಿಸಬಹುದು. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಈ ಅವಧಿ ಅರ್ಧವಾಗುತ್ತದೆ. 94 ಡೆಸಿಬೆಲ್‌ಗೆ ಒಂದು ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕೇವಲ 15 ನಿಮಿಷ. ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಹೊರಟ ಸವಾರ ದಾರಿಯ ಆರಂಭದಲ್ಲಿಯೇ ಆ ಮಿತಿಯನ್ನು ಮುಗಿಸಿರುತ್ತಾನೆ. ಒಳಗಿವಿಯ ಸೂಕ್ಷ್ಮ ಕೇಶಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸವಾರಿಯ ನಂತರದ ಗುಂಯ್‌ಗುಡುವಿಕೆ ಕಿವಿ ನೀಡುವ ಎಚ್ಚರಿಕೆಯ ಗಂಟೆ.

ಸದ್ದು ಹುಟ್ಟುವುದು ಹೆಲ್ಮೆಟ್‌ನ ಮೇಲ್ಭಾಗದ ಗಾಳಿಕಿಂಡಿಗಳಿಂದ ಎಂಬುದು ಸಾಮಾನ್ಯ ನಂಬಿಕೆ. ಇಂಗ್ಲೆಂಡಿನ ಬಾತ್ ನಗರದ ವಿಶ್ವವಿದ್ಯಾಲಯಗಳ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದು ಜಾಗವನ್ನು ತೋರಿಸಿತು. ಹೆಲ್ಮೆಟ್‌ನ ಕೆಳಗೆ, ಗಲ್ಲವನ್ನು ಮುಚ್ಚುವ ಮುಂಭಾಗದ ಅಡಿಯಲ್ಲಿ ಗಾಳಿ ಸುಳಿಗಟ್ಟುವ ಜಾಗವೇ ಕಿವಿ ತಲುಪುವ ಸದ್ದಿನ ಮುಖ್ಯ ಮೂಲಗಳಲ್ಲಿ ಒಂದು ಎಂಬುದು ಅದರ ನಿಷ್ಕರ್ಷೆ. ಕುತ್ತಿಗೆಯ ಸುತ್ತಲಿನ ಸಂದನ್ನು ಮುಚ್ಚುವುದು ಏಕೆ ಮುಖ್ಯ ಎಂಬುದಕ್ಕೆ ಇದು ಉತ್ತರ.

ಸದ್ದು ತಗ್ಗಿಸುವ ಬಗೆ

ಅಳತೆ: ಸಡಿಲ ಹೆಲ್ಮೆಟ್ ಸದ್ದಿನ ಮನೆ. ಹುಬ್ಬಿನಿಂದ ಸುಮಾರು ಒಂದು ಅಂಗುಲ ಮೇಲೆ ಟೇಪು ಸುತ್ತಿ ತಲೆಯ ಅಳತೆ ತೆಗೆದುಕೊಂಡು ಕೊಳ್ಳಬೇಕು. ಕೆನ್ನೆ ಸ್ವಲ್ಪ ಒತ್ತಿದಂತಿರಬೇಕು, ತಲೆ ಅಲುಗಿಸಿದರೆ ಹೆಲ್ಮೆಟ್ ಪ್ರತ್ಯೇಕವಾಗಿ ತಿರುಗಬಾರದು. ಹೊಸತರಲ್ಲಿ ಬಿಗಿಯೆನಿಸಿದ ಒಳದಿಂಡು ಬಳಸಿದಂತೆ ಸಡಿಲವಾಗುತ್ತದೆ. ಚೀಕ್ ಪ್ಯಾಡ್‌ಗಳನ್ನು ಬದಲಿಸಲು ಬರುವಂತಿದ್ದರೆ ಹೆಲ್ಮೆಟ್‌ನ ಆಯುಷ್ಯದಲ್ಲಿ ಒಮ್ಮೆಯಾದರೂ ಬದಲಿಸುವುದು ಒಳಿತು.

ವೈಸರ್‌ನ ಬಿಗಿ: ಒಂದು ಕಾಗದದ ಪಟ್ಟಿಯನ್ನು ವೈಸರ್ ಮತ್ತು ರಬ್ಬರ್ ಬೀಡಿಂಗ್ ನಡುವೆ ಇಟ್ಟು ಮುಚ್ಚಿ ಎಳೆಯಬೇಕು. ಸರಾಗವಾಗಿ ಹೊರಬಂದರೆ ಅಲ್ಲಿ ಸಂದು ಇದೆ. ಸುತ್ತಲೂ ಹೀಗೆ ಪರೀಕ್ಷಿಸಿ, ವೈಸರ್‌ನ ಎರಡು ಬದಿಯ ಬೇಸ್ ಪ್ಲೇಟ್ ಸ್ಕ್ರೂಗಳನ್ನು ಸಡಿಲಿಸಿ ಒಂದಿಷ್ಟು ಹಿಂದಕ್ಕೆ ಸರಿಸಿ ಬಿಗಿ ಮಾಡಲು ಹಲವು ಹೆಲ್ಮೆಟ್‌ಗಳಲ್ಲಿ ಅವಕಾಶವಿದೆ. ಬೀಡಿಂಗ್ ಒಣಗಿ ಗಡುಸಾಗಿದ್ದರೆ ಸಿಲಿಕೋನ್ ಎಣ್ಣೆಯ ತೆಳುಲೇಪ ಸಾಕು. ಗ್ಯಾರೇಜಿನ ಗ್ರೀಸ್ ಹಚ್ಚಿದರೆ ರಬ್ಬರ್ ಹಾಳಾಗುತ್ತದೆ.

ಶಿಳ್ಳೆಯ ಮೂಲ: ನಿರ್ದಿಷ್ಟ ವೇಗದಲ್ಲಿ ಶಿಳ್ಳೆಯಂಥ ಸದ್ದು ಬಂದರೆ ಯಾವುದೋ ಕಿಂಡಿ ಅಥವಾ ಅಂಚು ಕಾರಣ. ವಾಹನ ನಿಲ್ಲಿಸಿ ಒಂದೊಂದು ಕಿಂಡಿಗೂ ಟೇಪು ಅಂಟಿಸುತ್ತ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಸಾಗಿ ನೋಡಿದರೆ ಕಾರಣ ಪತ್ತೆಯಾಗುತ್ತದೆ. ಹೆಲ್ಮೆಟ್ ಮೇಲೆ ಅಂಟಿಸಿದ ಕ್ಯಾಮೆರಾ, ಬ್ಲೂಟೂತ್ ಪೆಟ್ಟಿಗೆ, ಹಣೆಯ ಮುಂದಿನ ಚೂಪು ಛಾವಣಿ ಇವೆಲ್ಲ ಗಾಳಿಯನ್ನು ಕದಡುತ್ತವೆ.

ವಿಂಡ್‌ಶೀಲ್ಡ್: ಬೈಕ್‌ನ ಮುಂದಿನ ಗಾಳಿತಡೆ ಸದ್ದನ್ನು ಕಡಿಮೆ ಮಾಡುತ್ತದೆ ಎಂಬುದು ಯಾವಾಗಲೂ ನಿಜವಲ್ಲ. ಅದರ ಮೇಲಂಚಿನಿಂದ ಹೊರಟ ಸುಳಿಗಾಳಿ ನೇರ ಗಲ್ಲದ ಬಳಿ ಬಡಿದರೆ ಸದ್ದು ಹೆಚ್ಚುತ್ತದೆ. ಅಂಥ ಸಂದರ್ಭದಲ್ಲಿ ಅದನ್ನು ಎತ್ತರಿಸುವುದು ಅಥವಾ ತಗ್ಗಿಸುವುದು ಎರಡೂ ಪರಿಹಾರವಾಗಬಹುದು. ಕರ್ನಾಟಕದಲ್ಲಿ 2016ರಿಂದ ಹೆಲ್ಮೆಟ್ ಕಡ್ಡಾಯವಾಗಿರುವ ಹಿಂಬದಿ ಸವಾರರಿಗೆ ಮುಂದಿನವರ ತಲೆಯಿಂದ ಕದಡಿದ ಗಾಳಿಯೇ ಸಿಗುತ್ತದೆ. ಅವರ ಹೆಲ್ಮೆಟ್‌ನ ಅಳತೆಯನ್ನು ಅಲಕ್ಷಿಸುವಂತಿಲ್ಲ.

ಚಿನ್ ಕರ್ಟನ್: ಗಲ್ಲದ ಅಡಿಯ ಸಂದನ್ನು ಮುಚ್ಚುವ ಈ ಬಟ್ಟೆಯ ಪರದೆಯೂ, ಕುತ್ತಿಗೆಗೆ ಸುತ್ತುವ ಮಫ್ಲರ್ ಕೂಡ ಸದ್ದನ್ನು ಚೆನ್ನಾಗಿ ತಗ್ಗಿಸುತ್ತವೆ. ಆದರೆ ಉಸಿರು ಹೊರಹೋಗುವ ಮುಖ್ಯ ದಾರಿಯೂ ಅದೇ. ಅದನ್ನು ಮುಚ್ಚಿದರೆ ಮಬ್ಬು ಮರಳಿ ಬರುತ್ತದೆ. ಬೇಸಿಗೆಯ ಹೆದ್ದಾರಿಯಲ್ಲಿ ಇವು ಉಪಯುಕ್ತ, ಮಳೆಯ ಘಾಟಿಯಲ್ಲಿ ತೊಂದರೆ.

ಗಾಳಿಗೆ ದಾರಿ, ಕಿವಿಗೆ ತಡೆ

ಹಾಗಾದರೆ ಎರಡರ ನಡುವೆ ಆಯ್ಕೆ ಹೇಗೆ? ಉತ್ತರ ಸರಳ. ಹೆಲ್ಮೆಟ್‌ನ ಗಾಳಿಯ ದಾರಿಗಳನ್ನು ಮುಚ್ಚಿ ಸದ್ದನ್ನು ತಡೆಯುವ ಬದಲು ಕಿವಿಯನ್ನೇ ಮುಚ್ಚಿ ತಡೆಯುವುದು ಮೇಲು. ದುಬಾರಿ ಹೆಲ್ಮೆಟ್ ಕೂಡ ಸದ್ದನ್ನು ತಗ್ಗಿಸುವುದು ಕೆಲವೇ ಡೆಸಿಬೆಲ್‌ಗಳಷ್ಟು. ಔಷಧದಂಗಡಿಯಲ್ಲಿ ದೊರೆಯುವ ಸಾಮಾನ್ಯ ಫೋಮ್ ಇಯರ್‌ಪ್ಲಗ್ ಸರಿಯಾಗಿ ಕೂತರೆ 20 ಡೆಸಿಬೆಲ್‌ಗೂ ಹೆಚ್ಚು ತಗ್ಗಿಸಬಲ್ಲದು. ಹತ್ತಿಯ ಉಂಡೆಯಿಂದ ಈ ಪ್ರಯೋಜನ ಸಿಗದು.

ಫೋಮ್ ಅನ್ನು ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದು ಒಳಗಿಡಬೇಕು. ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಹಾರ್ನ್ ಕೇಳಿಸುವುದಿಲ್ಲವೆಂಬ ಅಂಜಿಕೆ ಸಹಜ. ಹೆದ್ದಾರಿಯ ವೇಗದಲ್ಲಿ ಗಾಳಿಯ ಮೊರೆತವೂ ಹಾರ್ನ್ ಸದ್ದೂ ಒಟ್ಟಿಗೆ ತಗ್ಗುವುದರಿಂದ ಹಾರ್ನ್ ಮರೆಯಾಗುವುದಿಲ್ಲ. ಪಟ್ಟಣದೊಳಗೆ ನಿಧಾನವಾಗಿ ಸಾಗುವಾಗ ಮಾತ್ರ ಅವುಗಳನ್ನು ತೆಗೆದಿಡುವುದು ಕ್ಷೇಮ. ಹಾಡು ಕೇಳುವ ಇಯರ್‌ಫೋನ್ ಇದಕ್ಕೆ ಪರ್ಯಾಯವಲ್ಲ. ಅದು ಸದ್ದಿನ ಮೇಲೆ ಸದ್ದು ಹೇರುತ್ತದೆ, ಗಮನವನ್ನೂ ಕದಿಯುತ್ತದೆ.

ಮಾಡಬಾರದ ಕೆಲಸಗಳು

ಗಾಳಿಯಾಡಲೆಂದು ಹೆಲ್ಮೆಟ್‌ಗೆ ರಂಧ್ರ ಕೊರೆಯುವುದು, ಒಳಗಿನ ಥರ್ಮಾಕೋಲ್ ಪದರವನ್ನು ಕೆತ್ತುವುದು ಅಪಘಾತದ ಹೊತ್ತಿನಲ್ಲಿ ಜೀವಕ್ಕೆ ಎರವಾಗುತ್ತದೆ. ಕಪ್ಪು ವೈಸರ್ ರಾತ್ರಿಗೆ ಸಲ್ಲದು. ಯುರೋಪಿನ ಇಸಿಇ ನಿಯಮಗಳ ಪ್ರಕಾರ ಶೇ 80ಕ್ಕಿಂತ ಕಡಿಮೆ ಬೆಳಕು ಬಿಡುವ ವೈಸರ್ ಹಗಲಿನ ಬಳಕೆಗೆ ಮಾತ್ರ. ಗೀರು ತುಂಬಿದ ವೈಸರ್ ಮಬ್ಬಿಲ್ಲದಿದ್ದರೂ ಮಬ್ಬಿದ್ದಂತೆಯೇ, ಅದನ್ನು ಬದಲಿಸಬೇಕು.

ಭಾರತದಲ್ಲಿ 2021ರ ಜೂನ್ 1ರಿಂದ ಐಎಸ್ 4151 ಮಾನಕಕ್ಕೆ ಹೊಂದಿದ, ಐಎಸ್‌ಐ ಮುದ್ರೆಯ ಹೆಲ್ಮೆಟ್‌ಗಳನ್ನಷ್ಟೇ ಮಾರಬಹುದು. ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್‌ನ ಪಟ್ಟಿ ಬಿಗಿದಿರಬೇಕೆಂದೂ ಹೇಳುತ್ತದೆ. ಮಬ್ಬಿನ ಕಾಟ ತಾಳದೆ ಪಟ್ಟಿ ಬಿಚ್ಚಿ ಹೆಲ್ಮೆಟ್ ಅನ್ನು ಹಿಂದಕ್ಕೆ ಸರಿಸಿಕೊಂಡವನು ಬಿದ್ದರೆ ಅದು ಇದ್ದೂ ಇಲ್ಲದಂತೆ.

ದಾರಿಯಲ್ಲಿ ಮಬ್ಬು ಕವಿದರೆ

ಒಮ್ಮೆಲೇ ಮಬ್ಬು ಕವಿದಾಗ ಬ್ರೇಕನ್ನು ಗಕ್ಕನೆ ಒತ್ತಬಾರದು, ಹಿಂದಿನ ವಾಹನಕ್ಕೆ ಅದರ ಸುಳಿವಿರುವುದಿಲ್ಲ. ವೇಗ ತಗ್ಗಿಸುತ್ತ ಎಡಗೈಯಿಂದ ವೈಸರ್ ಅನ್ನು ಮೊದಲ ಮೆಟ್ಟಿಲಿನಷ್ಟು ಎತ್ತಬೇಕು. ಬೆರಳು ದಪ್ಪದ ಸಂದು ಸಾಕು. ನೋಟ ತಿಳಿಯಾದೊಡನೆ ಅದನ್ನು ಅಷ್ಟಕ್ಕೇ ಉಳಿಸಿಕೊಂಡು ಸಾಗಬಹುದು. ತಿಳಿಯಾಗದಿದ್ದರೆ ಇಂಡಿಕೇಟರ್ ಹಾಕಿ, ತಿರುವಿನಲ್ಲಲ್ಲದೆ ಹಿಂದಿನವರಿಗೆ ಕಾಣುವ ಜಾಗದಲ್ಲಿ ಎಡಕ್ಕೆ ನಿಲ್ಲಬೇಕು. ಸಿಗ್ನಲ್‌ನಲ್ಲಿ ನಿಲ್ಲುವ ಮೊದಲೇ ವೈಸರ್ ತುಸು ಎತ್ತುವ ಅಭ್ಯಾಸವಿದ್ದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ.

ಒಟ್ಟಿನಲ್ಲಿ, ಮಳೆಗಾಲಕ್ಕೆ ಮುನ್ನ ಒಂದು ಸಂಜೆಯನ್ನು ಇದಕ್ಕೆಂದು ಮೀಸಲಿಟ್ಟರೆ ಸಾಕು. ವೈಸರ್ ತೊಳೆದು, ಬೀಡಿಂಗ್ ಪರೀಕ್ಷಿಸಿ, ಬ್ರೆತ್ ಗಾರ್ಡ್ ಕೂರಿಸಿ, ಸಾಧ್ಯವಿದ್ದರೆ ಒಳಮಸೂರ ಹಾಕಿಸಿ, ಕಿಸೆಯಲ್ಲಿ ಒಂದು ಜೊತೆ ಇಯರ್‌ಪ್ಲಗ್ ಇಟ್ಟುಕೊಂಡ ಸವಾರನಿಗೆ ಘಾಟಿಯಲ್ಲಿ ಎದುರಿಸಲು ಉಳಿಯುವುದು ಹೊರಗಿನ ಮಂಜು ಮಾತ್ರ.